ಕಾಶೀನಾಥನ ಪಾಲಿನ ನೀರು

ಕರ್ಕಿಡಕ ವಾವಿನ ದಿನ ತಿರುವನಂತಪುರದಲ್ಲಿ ಅರ್ಧ ಊರು ಸಮುದ್ರದ ದಂಡೆಯಲ್ಲಿರುತ್ತದೆ. ನಮ್ಮ ಕಡೆಯವರು ಆಟಿ ಅಮಾವಾಸ್ಯೆ ಎಂದು ಹಾಲೆ ಮರದ ತೊಗಟೆಯ ಕಷಾಯ ಕುಡಿದು ಮುಖ ಕಿವಿಚುವ ದಿನವೇ ಇದು. ಇಲ್ಲಿಯವರು ಮಾತ್ರ ಒದ್ದೆ ಬಟ್ಟೆಯಲ್ಲಿ ಶಂಖುಮುಖದ ಮರಳಿನಲ್ಲಿ ಕುಳಿತು ಸತ್ತವರಿಗೆ ಎಳ್ಳು ನೀರು ಬಿಡುತ್ತಾರೆ. ಗಂಡಸರು ಹೆಂಗಸರು ಎಂಬ ಭೇದವಿಲ್ಲ. ಹೆಣ್ಣುಮಗಳು ಅಪ್ಪನಿಗೆ ತಾನೇ ಪಿಂಡ ಇಟ್ಟರೆ ಯಾರೂ ಹುಬ್ಬೇರಿಸುವುದಿಲ್ಲ.

ಇಲ್ಲಿಯ ಚಾಕ್ಕ ಬಡಾವಣೆಯ ಚಂದ್ರಾವತಿಯಮ್ಮ ಅರವತ್ತು ವರ್ಷ ಈ ದಿನ ಮನೆ ಬಿಟ್ಟು ಹೊರಗೆ ಕಾಲಿಡಲಿಲ್ಲ. ಪಕ್ಕದ ಮನೆಯ ವಿಲಾಸಿನಿ ಟೀಚರ್ ಪ್ರತಿ ವರ್ಷ ಗೇಟಿನ ಹತ್ತಿರ ನಿಂತು ‘ಅಮ್ಮ ವರುನ್ನಿಲ್ಲೇ’, ಬರುವುದಿಲ್ಲವಾ, ಎಂದು ಕೇಳುವುದು, ಈಕೆ ‘ಇಲ್ಲ’ ಎನ್ನುವುದು, ಅವರು ತಲೆ ಆಡಿಸಿ ಹೋಗುವುದು. ಗಂಡ ಶ್ರೀಹರಿ ತೀರಿಕೊಂಡ ಮೇಲೂ ಅಷ್ಟೇ. ಅವರಿಗೆ ಮಗ ರತ್ನಾಕರ ಹೋಗಿ ನೀರು ಬಿಟ್ಟು ಬರುತ್ತಿದ್ದ. ಆಕೆ ಒಳಗೆ ಕುಳಿತು ಹಲಸಿನ ಬೀಜದ ಸಿಪ್ಪೆ ಸುಲಿಯುತ್ತಿದ್ದಳು. ಬೇಕಾದಷ್ಟು ದಿನ ಸುಲಿಯಬಹುದಾದ ಬೀಜವನ್ನು ಆ ದಿನವೇ ಸುಲಿಯಬೇಕಿತ್ತು.

ಕಾರಣ ಮನೆಯವರಿಗೆಲ್ಲ ಗೊತ್ತಿತ್ತು. ಆಕೆಯ ಅಪ್ಪ ಕಾಶೀನಾಥ ಸತ್ತಿದ್ದಾನೋ ಇಲ್ಲವೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಬದುಕಿದ್ದರೆ ಆತನಿಗೆ ಈಗ ನೂರ ಆರು ವರ್ಷ. ನಗಬೇಡಿ, ಚಂದ್ರಾವತಿಯಮ್ಮನೂ ಲೆಕ್ಕ ಬಾರದವಳಲ್ಲ. ಆದರೆ ಅಮ್ಮನಿಗೆ ಕೊಟ್ಟ ಮಾತು ಒಂದಿತ್ತು.

ಹೊಸದುರ್ಗದ ಕೋಟೆಯ ಮಗ್ಗುಲಲ್ಲಿ, ಈಗಿನ ಕಾಞಂಗಾಡಿನಲ್ಲಿ, ಅವರ ಮನೆ. ಒಂದು ಕಾಲದಲ್ಲಿ ಕೋಟೆ ಕಾದ ವಂಶ. ಕೋಟೆಯಲ್ಲಿ ಕಾಯುವುದಕ್ಕೆ ಏನೂ ಉಳಿಯದೆ ಹೋದ ಮೇಲೆ ಕಾಶೀನಾಥ ಬೆಂಗಳೂರಿಗೆ ಹೋಗಿ ಸೈನ್ಯದ ಸ್ಯಾಪರ್ ದಳ ಸೇರಿದ. ಸೇತುವೆ ಕಟ್ಟುವುದು, ರಸ್ತೆ ಹಾಕುವುದು, ಬೇಕಾದಾಗ ಕಟ್ಟಿದ್ದನ್ನೇ ಒಡೆಯುವುದು ಆ ದಳದ ಕೆಲಸ. ಸಾವಿರದ ಒಂಬೈನೂರ ನಲವತ್ತೊಂದರಲ್ಲಿ ಅವನನ್ನು ಸಿಂಗಾಪುರಕ್ಕೆ ಕಳುಹಿಸಿದಾಗ ಹೆಂಡತಿ ದೇವಕಿಗೆ ನಾಲ್ಕು ತಿಂಗಳು. ಹುಟ್ಟಿದ ಮಗಳ ಸುದ್ದಿ ತಲುಪಿ, ಚಂದ್ರಾವತಿ ಎಂದು ಹೆಸರಿಡಿ ಎಂಬ ಕಾಗದ ಬಂತು. ಆಮೇಲೆ ಸಿಂಗಾಪುರ ಬಿತ್ತು. ಕಾಶೀನಾಥ ಯುದ್ಧಕೈದಿಯಾದ ಎಂದು ಒಂದು ಕಾಗದ, ಎರಡು ವರ್ಷದ ಮೇಲೆ ಪತ್ತೆಯಿಲ್ಲ ಎಂದು ಇನ್ನೊಂದು. ಯುದ್ಧ ಮುಗಿದ ಮೇಲೆ ಅದೂ ಇಲ್ಲ.

ನಲವತ್ತಾರರ ಬೇಸಿಗೆಯಲ್ಲಿ ಒಬ್ಬ ಮನುಷ್ಯ ಮನೆಗೆ ಬಂದಿದ್ದ. ಚಂದ್ರಾವತಿಗೆ ಐದು ತುಂಬಿರಲಿಲ್ಲ. ಆದರೂ ಆಕೆಗೆ ನೆನಪಿದೆ: ಎಲುಬು ಎಣಿಸುವ ಹಾಗಿದ್ದ, ಖಾಕಿ ಚಡ್ಡಿ ಹಾಕಿದ್ದ, ಕೊಟ್ಟ ಮಜ್ಜಿಗೆಯನ್ನು ಕುಡಿಯದೆ ತನ್ನನ್ನೇ ನೋಡುತ್ತಿದ್ದ. ಅಜ್ಜ ದೊಡ್ಡಪ್ಪ ಎಲ್ಲ ದೇವಸ್ಥಾನಕ್ಕೆ ಹೋಗಿದ್ದರು. ಅವರು ತಿರುಗಿ ಬಂದಾಗ ಆ ಮನುಷ್ಯ ಹೋಗಿಯಾಗಿತ್ತು. ದೇವಕಿ ಜಗಲಿಯಲ್ಲಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: “ಅವರ ಜೊತೆಗೆ ಇದ್ದವರಂತೆ. ಅವರು ಬದುಕಿದ್ದಾರಂತೆ. ದೂರ ಎಲ್ಲಿಗೋ ಸಾಗಿಸಿದ್ದಾರಂತೆ, ತಡವಾಗಿಯಾದರೂ ಬರುತ್ತಾರಂತೆ.”

ಈ ‘ಅಂತೆ’ಯ ಮೇಲೆ ಆ ಮನೆ ನಲವತ್ತೈದು ವರ್ಷ ನಿಂತಿತು. ದೇವಕಿ ಹಣೆಗೆ ಕಾಸಿನಗಲ ಕುಂಕುಮ ಇಟ್ಟುಕೊಂಡು, ಕರಿಮಣಿ ಕಟ್ಟಿಕೊಂಡು, ಎಲ್ಲ ಶುಭಕಾರ್ಯದಲ್ಲೂ ಎದುರಿಗೇ ಓಡಾಡಿದಳು. ಬೆನ್ನ ಹಿಂದೆ ಆಡಿಕೊಳ್ಳುವವರು ಆಡಿಕೊಂಡರು. ಎದುರಿಗೆ ಆಡುವ ಧೈರ್ಯ ಯಾರಿಗೂ ಇರಲಿಲ್ಲ. ತೊಂಬತ್ತೊಂದರ ಜನವರಿಯಲ್ಲಿ ಕೊನೆಯ ಸಲ ಹಾಸಿಗೆ ಹಿಡಿದಾಗ ಮಗಳ ಕೈ ಹಿಡಿದು ಒಂದು ಮಾತು ತೆಗೆದುಕೊಂಡಳು. “ಅವರು ಹೋದದ್ದನ್ನು ಕಣ್ಣಾರೆ ಕಂಡವರು ಹೇಳುವವರೆಗೆ ಅವರಿಗೆ ನೀರು ಬಿಡಬೇಡ. ಕಾಗದ ಪತ್ರ ನಂಬಬೇಡ.” ಆಮೇಲೆ ಮುತ್ತೈದೆಯಾಗಿಯೇ ಹೋದಳು. ಹಸಿರು ಸೀರೆ ಉಡಿಸಿ, ಹೂ ಮುಡಿಸಿ ಕಳುಹಿಸಿದರು.

ಚಂದ್ರಾವತಿ ಅಷ್ಟರಲ್ಲಿ ತಿರುವನಂತಪುರದವಳಾಗಿಬಿಟ್ಟಿದ್ದಳು. ಅರವತ್ತನಾಲ್ಕರಲ್ಲಿ ಮದುವೆಯಾಗಿ ಬಂದದ್ದು. ಶ್ರೀಹರಿಗೆ ತುಂಬ ಎಂಬ ಕಡಲೂರಿನ ರಾಕೆಟ್ ಕೇಂದ್ರದಲ್ಲಿ ಸಾಮಾನು ಉಗ್ರಾಣದ ಗುಮಾಸ್ತಿಕೆ. ಊರಿನವರೆಲ್ಲ ‘ನಿಮ್ಮ ಯಜಮಾನರು ರಾಕೆಟ್ ಬಿಡುತ್ತಾರಂತೆ’ ಎಂದರೆ ಈಕೆ ‘ಅವರು ಬಿಡುವುದು ಬೀಡಿಯ ಹೊಗೆ ಮಾತ್ರ’ ಎನ್ನುತ್ತಿದ್ದಳು. ವರ್ಗವಾಗಿ ಬಂದ ಕನ್ನಡದ ಮನೆಗಳ ಮಕ್ಕಳನ್ನು ಭಾನುವಾರ ಜಗಲಿಯಲ್ಲಿ ಕೂರಿಸಿ ಮೂವತ್ತು ವರ್ಷ ಅ ಆ ಇ ಈ ಕಲಿಸಿದಳು. ಮೈಸೂರಿನವರು, ಧಾರವಾಡದವರು, ಮಂಗಳೂರಿನವರು, ಎಲ್ಲರ ಮಕ್ಕಳೂ ಕನ್ನಡದಲ್ಲಿ ಕೇಳಿದ್ದಕ್ಕೆ ಮಲಯಾಳದಲ್ಲಿ ಉತ್ತರ ಕೊಟ್ಟವರೇ. ಸ್ವಂತ ಮೊಮ್ಮಗಳು ಪ್ರತೀಕ್ಷಾ ಕೂಡ ಆಕೆಯನ್ನು ಕರೆಯುವುದು ಅಚ್ಚಮ್ಮ ಎಂದು. ಇಲ್ಲಿಯ ಶಾಲೆಯಲ್ಲಿ ಕಲಿತು ಬಂದದ್ದು. ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಕುಳಿತರೆ ಒತ್ತಕ್ಷರದಲ್ಲಿ ಮುಗ್ಗರಿಸುತ್ತಾಳೆ.

ಇದೆಲ್ಲ ಶುರುವಾದದ್ದು ಈ ಪ್ರತೀಕ್ಷಾಳಿಂದ. ಇಲ್ಲೇ ಕಾಲೇಜೊಂದರಲ್ಲಿ ಚರಿತ್ರೆ ಕಲಿಸುತ್ತಾಳೆ. ಕಳೆದ ಮೇ ತಿಂಗಳಲ್ಲಿ, ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ದಾಖಲು ಮಾಡಿದ ಒಂದು ಪಟ್ಟಿಯಲ್ಲಿ ಮುತ್ತಜ್ಜನ ಹೆಸರು, ದಳ, ನಂಬರು ಸಮೇತ ಸಿಕ್ಕಿತು. ಲ್ಯಾಪ್‌ಟಾಪ್ ಎತ್ತಿಕೊಂಡು ಅಡಿಗೆಮನೆಗೆ ಬಂದಳು.

“ಅಚ್ಚಮ್ಮ, ಕಂಡುಹಿಡಿದೆ. ನ್ಯೂ ಗಿನಿ. ಕೈದಿಯಾಗಿದ್ದಾಗಲೇ. ಒಕ್ಟೋಬರ್ ಪದಿನಾಲ್, ನೈಂಟೀನ್ ಫಾರ್ಟಿಫೋರ್.”

ಚಂದ್ರಾವತಿ ಒಲೆಯ ಉರಿ ಸಣ್ಣ ಮಾಡಿ, ಕನ್ನಡಕ ಹಾಕಿಕೊಂಡು ನೋಡಿದಳು. ಅಲ್ಲಿ ಒಂದು ಕಲ್ಲಿನ ಗೋಡೆ, ಗೋಡೆಯ ತುಂಬ ಹೆಸರು.

“ಇದನ್ನು ಕೆತ್ತಿದವನು ಅಪ್ಪ ಸತ್ತದ್ದನ್ನು ನೋಡಿದ್ದಾನಾ?”

“ಅದು ರೆಕಾರ್ಡ್ ಅಚ್ಚಮ್ಮ.”

“ಇಲ್ಲ ಅಲ್ವಾ? ಹಾಗಾದರೆ ಅದು ಕಾಗದವೇ. ಕಲ್ಲಿನ ಮೇಲೆ ಬರೆದ ಕಾಗದ.”

ಹೀಗೆ ಹೇಳಿ ಒಗ್ಗರಣೆ ಹಾಕಿದಳು. ಸಾಸಿವೆ ಸೀದುಹೋಯಿತು. ಅರವತ್ತು ವರ್ಷದಲ್ಲಿ ಆಕೆಯ ಕೈಯಲ್ಲಿ ಸಾಸಿವೆ ಸೀದದ್ದನ್ನು ಆ ಮನೆಯವರು ಕಂಡಿರಲಿಲ್ಲ. ಕಣ್ಣಾರೆ ಕಂಡವರು ಇನ್ನು ಎಲ್ಲಿಂದ ಬರಬೇಕು, ಕಂಡವರೆಲ್ಲ ಮಣ್ಣಾಗಿದ್ದಾರೆ ಎಂಬುದು ಆಕೆಗೂ ಗೊತ್ತು. ಅಂದರೆ ತಾನು ಸಾಯುವುದರೊಳಗೆ ಅಪ್ಪನಿಗೆ ಒಂದು ಬೊಗಸೆ ನೀರು ಸಿಗುವುದಿಲ್ಲ. ತಾನು ಬಿಡದ ನೀರನ್ನು ತನ್ನ ನಂತರ ಬೇರೆ ಯಾರೂ ಬಿಡುವುದಿಲ್ಲ. ಎಂಬತ್ತಮೂರು ತುಂಬಿದ ಮೇಲೆ ಆಕೆಗೆ ಇದ್ದದ್ದು ಇದೊಂದೇ ಚಿಂತೆ, ಯಾರ ಹತ್ತಿರವೂ ಹೇಳಿಕೊಳ್ಳದ್ದು.

ಪ್ರತೀಕ್ಷಾ ಸುಮ್ಮನಿರುವ ಜಾತಿಯಲ್ಲ. ಯುದ್ಧಕೈದಿಗಳ ಮನೆಯವರು ಸೇರಿಕೊಂಡ ಒಂದು ಗುಂಪು ಅಂತರ್ಜಾಲದಲ್ಲಿತ್ತು. ಅಲ್ಲಿ ಮುತ್ತಜ್ಜನ ಹೆಸರು, ಊರು, ದಳ ಹಾಕಿ, ಗೊತ್ತಿದ್ದವರು ತಿಳಿಸಿ ಎಂದು ಬರೆದಳು. ಒಂದು ತಿಂಗಳು ಯಾರೂ ಉಸಿರೆತ್ತಲಿಲ್ಲ. ಆಮೇಲೆ ಫೋರ್ಟ್ ಕೊಚ್ಚಿಯಿಂದ ಒಂದು ಉತ್ತರ ಬಂತು. ‘ನನ್ನ ಅಪ್ಪ ಅಂತೋಣಿ ಆತನ ಜೊತೆಗಿದ್ದರು. ಪ್ರತಿ ಒಕ್ಟೋಬರ್ ಹದಿನಾಲ್ಕರಂದು ನಮ್ಮ ಇಗರ್ಜಿಯಲ್ಲಿ ಕಾಶೀನಾಥನ್ ಹೆಸರಿನಲ್ಲಿ ಪೂಜೆ ಹೇಳಿಸುತ್ತೇವೆ. ಆತನ ಮಗಳು ಬದುಕಿದ್ದಾರೆಯೇ? ಇದ್ದರೆ ಅವರೇ ಬರಲಿ. ಬೇರೆಯವರಿಗೆ ಹೇಳುವ ಹಾಗಿಲ್ಲ.’ ಬರೆದವರು ಫಿಲೋಮಿನ, ಎಪ್ಪತ್ತೈದು ವರ್ಷದ ನಿವೃತ್ತ ನರ್ಸು.

ಚಂದ್ರಾವತಿ ಅದನ್ನು ಓದಿಸಿ ಕೇಳಿ, ಎರಡು ಸೀರೆ ಚೀಲಕ್ಕೆ ಹಾಕಿದಳು.

ರತ್ನಾಕರನಿಗೆ ಆಗ ಕೊಚ್ಚಿಯ ಬ್ಯಾಂಕ್ ಶಾಖೆಯಲ್ಲೇ ಕೆಲಸ. ವಾರಕ್ಕೊಮ್ಮೆ ಮನೆಗೆ ಬಂದು ಹೋಗುತ್ತಿದ್ದ. ಅವನೇ ಎರ್ನಾಕುಳಂ ಸ್ಟೇಷನ್ನಿಗೆ ಬಂದು ಅಮ್ಮನನ್ನೂ ಮಗಳನ್ನೂ ಬೋಟಿನಲ್ಲಿ ಫೋರ್ಟ್ ಕೊಚ್ಚಿಗೆ ಕರೆದುಕೊಂಡು ಹೋದ. ಚೀನಾ ಬಲೆಗಳ ಮುಂದೆ ಫೋಟೋ ತೆಗೆಸಿಕೊಳ್ಳುವವರನ್ನು ದಾಟಿ, ಪ್ರವಾಸಿಗಳಿಗೆ ಕೋಣೆ ಬಾಡಿಗೆಗೆ ಕೊಡುವ ಮನೆಗಳ ಸಾಲು ದಾಟಿ, ಒಳಗಿನ ಗಲ್ಲಿಯಲ್ಲಿ ಒಂದು ಹೆಂಚಿನ ಮನೆ. ಫಿಲೋಮಿನ ಬಾಗಿಲಲ್ಲೇ ಚಂದ್ರಾವತಿಯ ಎರಡೂ ಕೈ ಹಿಡಿದುಕೊಂಡರು. ಮಾತೆಲ್ಲ ಮಲಯಾಳದಲ್ಲೇ ನಡೆಯಿತು. ಹೊಸದುರ್ಗದವಳಿಗೆ ಮಲಯಾಳ ಹುಟ್ಟಿನಿಂದಲೇ ಬರುತ್ತದೆ.

ಗೋಡೆಯ ಮೇಲೆ ಅಂತೋಣಿಯ ಚಿತ್ರ ಇತ್ತು, ಮುದುಕನಾದ ಮೇಲಿನದು. ಚಂದ್ರಾವತಿಗೆ ಗುರುತು ಹತ್ತಲಿಲ್ಲ. ಫಿಲೋಮಿನ ಕಪಾಟಿನಿಂದ ಇನ್ನೊಂದು ತೆಗೆದುಕೊಟ್ಟರು. ಕ್ಯಾಂಪಿನಿಂದ ತಿರುಗಿ ಬಂದ ವರ್ಷದ್ದು. ಎಲುಬು ಎಣಿಸುವ ಹಾಗಿದ್ದ ಮನುಷ್ಯ.

“ಇವರು ನಮ್ಮ ಮನೆಗೆ ಬಂದಿದ್ದರು,” ಎಂದಳು ಚಂದ್ರಾವತಿ. “ಅಪ್ಪ ಬದುಕಿದ್ದಾರೆ ಅಂತ ಹೇಳಿ ಹೋದವರು.”

ಫಿಲೋಮಿನ ಚಿತ್ರವನ್ನು ತಿರುಗಿ ತೆಗೆದುಕೊಂಡು ಮಡಿಲಲ್ಲಿ ಇಟ್ಟುಕೊಂಡರು. ಆಮೇಲೆ ಮೆಲ್ಲಗೆ ಹೇಳಿದರು. “ಚೇಚಿ, ನನ್ನ ಅಪ್ಪ ಹಾಗೆ ಹೇಳಲಿಲ್ಲ.”

ಅಂತೋಣಿ ಸಾಯುವ ಮೊದಲು ಮಗಳಿಗೆ ಹೇಳಿದ್ದು ಇಷ್ಟು. ನ್ಯೂ ಗಿನಿಯಲ್ಲಿ ಕೈದಿಗಳಿಂದ ಕಾಡು ಕಡಿಸುತ್ತಿದ್ದರು, ವಿಮಾನ ಇಳಿಯುವ ನೆಲ ಮಾಡಿಸುತ್ತಿದ್ದರು. ತಿನ್ನಲು ಕೊಡುತ್ತಿದ್ದದ್ದು ದಿನದಿಂದ ದಿನಕ್ಕೆ ಕಡಿಮೆಯಾಗಿ ಕೊನೆಗೆ ಗೆಣಸಿನ ಎಲೆಗೆ ಬಂತು. ಕಾಶೀನಾಥ ಜ್ವರದಲ್ಲಿ ಹನ್ನೊಂದು ದಿನ ಬಿದ್ದುಕೊಂಡಿದ್ದ. ಹನ್ನೆರಡನೆಯ ದಿನ ಬೆಳಿಗ್ಗೆ ಅಂತೋಣಿ ಡಬ್ಬಿಯಲ್ಲಿ ನೀರು ತಂದು ಅವನ ಬಾಯಿಗೆ ಬಿಟ್ಟ. ಎರಡು ಗುಟುಕು ಇಳಿಯಿತು, ಮೂರನೆಯದು ಹೊರಗೆ ಬಂತು. ಗುಂಡಿ ತೋಡಿದವರಲ್ಲಿ ಅಂತೋಣಿಯೂ ಒಬ್ಬ. ಊರಿಗೆ ಬಂದ ಕೂಡಲೇ ಕಾಞಂಗಾಡಿಗೆ ರೈಲು ಹತ್ತಿ ಹೋಗಿ, ಜಗಲಿಯಲ್ಲಿ ಕುಳಿತು, ದೇವಕಿಗೆ ಇದನ್ನೆಲ್ಲ ಹೇಳಿದ.

ದೇವಕಿ ಅಳಲಿಲ್ಲವಂತೆ. ಬಾಗಿಲ ಕಡೆ ನೋಡಿದಳಂತೆ, ಯಾರೂ ಇಲ್ಲ ಎಂದು ಖಚಿತ ಮಾಡಿಕೊಂಡಳಂತೆ. ಆಮೇಲೆ ಹೇಳಿದ್ದು: “ನನಗೆ ಇಪ್ಪತ್ತಮೂರು ವರ್ಷ. ಈ ಸುದ್ದಿ ಇವರಿಗೆ ಗೊತ್ತಾದರೆ ನಾಳೆಯಿಂದ ನಾನು ಹಿಂದಿನ ಕೋಣೆಯ ಹೆಂಗಸು. ನನ್ನ ಮಗಳು ಹಿಂದಿನ ಕೋಣೆಯ ಹೆಂಗಸಿನ ಮಗಳು. ಅವಳನ್ನು ಶಾಲೆಗೂ ಕಳುಹಿಸುವುದಿಲ್ಲ. ಅವರು ಬದುಕಿದ್ದಾರೆ ಅಂತ ಇರುವಷ್ಟು ದಿನ ಈ ಮನೆಯಲ್ಲಿ ನಮಗೆ ಜಾಗ ಉಂಟು. ನೀವು ಹೇಳಬೇಡಿ. ನನಗೆ ಇಲ್ಲಿ ಅವರಿಗೆ ಒಂದು ತೊಟ್ಟು ನೀರು ಬಿಡಲು ಆಗುವುದಿಲ್ಲ. ನಿಮ್ಮವರು ಸತ್ತವರಿಗೆ ಎಂತ ಮಾಡುತ್ತಾರೋ ಅದನ್ನು ಅವರಿಗೂ ಮಾಡಿ. ನಾನು ಪ್ರತಿ ವರ್ಷ ನೆನಪು ಮಾಡುತ್ತೇನೆ. ಮಗಳು ದೊಡ್ಡವಳಾಗಿ ತಾನಾಗಿ ಕೇಳಿಕೊಂಡು ಬಂದರೆ ಹೇಳಿ. ನೀವಾಗಿ ಬರಬೇಡಿ.”

ಅಂತೋಣಿ ಮಾತು ಕೊಟ್ಟು ಬಂದ. ಇಗರ್ಜಿಯ ಪಾದ್ರಿ ಮೊದಲು ತಲೆ ಕೆರೆದುಕೊಂಡರಂತೆ, ಜ್ಞಾನಸ್ನಾನವಾಗದವನಿಗೆ ಪೂಜೆ ಹೇಗೆ ಎಂದು. ‘ನನಗೆ ಜ್ವರ ಬಂದಾಗ ಅವನ ಪಾಲಿನ ಗೆಣಸನ್ನು ನಾನು ತಿಂದಿದ್ದೇನೆ ಫಾದರ್, ಕೊಡುವಾಗ ನನಗೆ ಜ್ಞಾನಸ್ನಾನ ಆಗಿದೆಯಾ ಎಂದು ಅವನು ಕೇಳಲಿಲ್ಲ’ ಎಂದನಂತೆ ಅಂತೋಣಿ. ಅಂದಿನಿಂದ ಒಂದು ವರ್ಷವೂ ತಪ್ಪಿಲ್ಲ.

“ಮುತ್ತಜ್ಜಿ ನೆನಪು ಮಾಡಿದರಾ?” ಎಂದು ಕೇಳಿದವಳು ಪ್ರತೀಕ್ಷಾ.

ಫಿಲೋಮಿನ ಒಳಗಿನಿಂದ ಒಂದು ಬಿಸ್ಕತ್ತಿನ ಡಬ್ಬಿ ತಂದರು. ಅದರಲ್ಲಿ ಅಂಚೆ ಕಾರ್ಡುಗಳು, ನಲವತ್ತೈದು. ವಿಳಾಸ ಮಾತ್ರ ಕಾಞಂಗಾಡಿನ ಪೋಸ್ಟ್ ಮಾಸ್ತರರ ಇಂಗ್ಲಿಷಿನಲ್ಲಿ, ಮಿಕ್ಕದ್ದೆಲ್ಲ ಕನ್ನಡ. ದೇವಕಿಗೆ ಮಲಯಾಳ ಮಾತಾಡಲು ಬರುತ್ತಿತ್ತು, ಬರೆಯಲು ಬರುತ್ತಿದ್ದದ್ದು ಕನ್ನಡವೊಂದೇ.

“ಇದು ನಿಮ್ಮ ಕಡೆಯ ಪ್ರಾರ್ಥನೆ ಅಲ್ಲವಾ?” ಎಂದರು ಫಿಲೋಮಿನ. “ಅಪ್ಪನಿಗೆ ಓದಲು ಬರುತ್ತಿರಲಿಲ್ಲ. ಯಾರಿಗೂ ತೋರಿಸಲೂ ಇಲ್ಲ, ಇದು ನನಗೆ ಬರೆದದ್ದಲ್ಲ ಅಂತ. ಪೂಜೆಯ ದಿನ ಮೇಣದ ಬತ್ತಿಯ ಕೆಳಗೆ ಇಡುತ್ತಿದ್ದರು. ತೊಂಬತ್ತೊಂದರಿಂದ ಬರಲಿಲ್ಲ. ಪ್ರಾರ್ಥನೆ ಇಲ್ಲದೆ ಹೇಗೆ ಅಂತ ಕೊನೆಯ ಕಾರ್ಡನ್ನೇ ಪ್ರತಿ ವರ್ಷ ಇಟ್ಟೆವು. ಸವೆದುಹೋಗುತ್ತಿತ್ತು, ಅದಕ್ಕೆ ಝೆರಾಕ್ಸ್ ಮಾಡಿಸಿದೆ.”

ಚಂದ್ರಾವತಿ ಮೇಲಿನ ಕಾರ್ಡು ಎತ್ತಿಕೊಂಡಳು. ಅಮ್ಮನ ಅಕ್ಷರ, ‘ಮ’ದ ಕೊಂಬು ಮೇಲಕ್ಕೆ ಹಾರಿದ್ದು. ಪ್ರತೀಕ್ಷಾ ಹತ್ತಿರ ಸರಿದು ‘ಓದಿ ಅಚ್ಚಮ್ಮ’ ಎಂದಳು. ಈಕೆ ಗಟ್ಟಿಯಾಗಿ ಓದಿದಳು. ಅದು ಪ್ರಾರ್ಥನೆಯಾಗಿರಲಿಲ್ಲ, ಅಂತೋಣಿಗೆ ಬರೆದ ಕಾಗದವೂ ಆಗಿರಲಿಲ್ಲ.

‘ಚಂದ್ರ ಒಂದನೇ ಕ್ಲಾಸು. ನಿಮ್ಮ ಹಾಗೆ ಎಡಗೈಯಲ್ಲಿ ಬರೆಯುತ್ತಾಳೆ. ಮಾಸ್ತರರು ಹೊಡೆದರು. ನಾನು ಹೋಗಿ ಕೇಳಿ ಬಂದಿದ್ದೇನೆ, ಇನ್ನು ಹೊಡೆಯುವುದಿಲ್ಲ.’

ಇನ್ನೊಂದು, ಐವತ್ತೇಳರದ್ದು. ‘ನಮ್ಮೂರು ಈಗ ಕೇರಳದಲ್ಲಂತೆ. ನೀವು ಬಿಟ್ಟು ಹೋದ ಸರಕಾರ ಯಾವುದೂ ಇಲ್ಲ. ಮನೆ ಮಾತ್ರ ಅಲ್ಲೇ ಉಂಟು, ಬಾವಿಗೆ ಕಟ್ಟೆ ಕಟ್ಟಿಸಿದ್ದೇವೆ. ಚಂದ್ರ ನನ್ನಷ್ಟು ಎತ್ತರ ಆಗಿದ್ದಾಳೆ.’

ಮತ್ತೊಂದು, ಮದುವೆಯ ವರ್ಷದ್ದು. ‘ಹುಡುಗ ತಿರುವನಂತಪುರದಲ್ಲಿ ಸರಕಾರಿ ಕೆಲಸ. ಸಾಧು. ಧಾರೆಗೆ ನಿಮ್ಮ ಅಣ್ಣ ಕೂತರು. ಆರತಿ ನಾನೇ ಎತ್ತಿದೆ. ಬೈಯುವುದಾದರೆ ನನ್ನನ್ನು ಬೈಯಿರಿ. ಅವಳಿಗೆ ಎಂತದೂ ತಟ್ಟದ ಹಾಗೆ ನೋಡಿಕೊಳ್ಳಿ.’

ಕೊನೆಯದು ತೊಂಬತ್ತರದ್ದು, ಅಕ್ಷರ ಅಲ್ಲಾಡಿತ್ತು. ‘ಇನ್ನು ಕಾರ್ಡು ಬಾರದಿದ್ದರೆ ನಾನೇ ಬಂದೆ ಅಂತ ತಿಳಿಯಿರಿ.’

ಇದನ್ನೇ ಮೂವತ್ತನಾಲ್ಕು ವರ್ಷ ಬತ್ತಿಯ ಕೆಳಗೆ ಇಟ್ಟಿದ್ದರು. ರತ್ನಾಕರ ಅದರ ಅರ್ಥ ಹೇಳಿದಾಗ ಫಿಲೋಮಿನ ಎದ್ದು ಒಳಗೆ ಹೋದರು. ಸ್ವಲ್ಪ ಹೊತ್ತಿನ ಮೇಲೆ ಮುಖ ತೊಳೆದುಕೊಂಡು ಚಹಾ ತಂದರು.

ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಚಂದ್ರಾವತಿ ತಿರುವನಂತಪುರಕ್ಕೆ ಮರಳಿದಳು. ಇಲ್ಲಿಗೆ ಕಥೆ ಸುಖವಾಗಿ ಮುಗಿಯಿತು ಎಂದುಕೊಂಡರೆ ನಿಮಗೆ ಆ ಹೆಂಗಸಿನ ಪರಿಚಯವಿಲ್ಲ. ಮನೆಗೆ ಬಂದವಳೇ ದೇವರ ಕೋಣೆಯ ಗೋಡೆಯಿಂದ ಅಮ್ಮನ ಫೋಟೋ ಇಳಿಸಿ ಮಂಚದ ಕೆಳಗೆ ಇಟ್ಟಳು. ಎಂಟು ದಿನ ಅದರ ಮುಖ ನೋಡಲಿಲ್ಲ.

ಕೋಪ ಬಂದಿತ್ತು, ಸುಳ್ಳು ಯಾಕೆ ಹೇಳಲಿ. ಚಿಕ್ಕವಳಿದ್ದಾಗ ಮಂಗಳೂರು ಮೇಲ್ ಬರುವ ಹೊತ್ತಿಗೆ ಕಾಞಂಗಾಡು ಸ್ಟೇಷನ್ನಿಗೆ ಓಡಿ, ಇಳಿಯುವ ಗಂಡಸರ ಮುಖ ನೋಡುತ್ತಿದ್ದಳು. ಅಮ್ಮನಿಗೆ ಅದು ಗೊತ್ತಿತ್ತು. ಗೊತ್ತಿದ್ದೂ ಜಡೆ ಹೆಣೆದು ಕಳುಹಿಸುತ್ತಿದ್ದಳು. ‘ಊರಿಗೆಲ್ಲ ಸುಳ್ಳು ಹೇಳಲಿ, ನನಗೂ ಹೇಳಬೇಕಿತ್ತಾ?’ ಎಂದು ಆಕೆ ಮಂಚದ ಮೇಲೆ ಕುಳಿತು, ಮಂಚದ ಕೆಳಗಿನವಳಿಗೆ ಕೇಳುವ ಹಾಗೆ ಹೇಳಿಕೊಂಡಳು. ಶ್ರೀಹರಿ ಹೋದ ಮೇಲೆ ತಾನು ಒಂದು ದಿನವೂ ತಪ್ಪದೆ ವಿಧವೆಯ ಹಾಗೆ ನಡೆದುಕೊಂಡದ್ದು, ಮೊಮ್ಮಗನ ಮದುವೆಯಲ್ಲಿ ಕಂಬದ ಹಿಂದೆ ನಿಂತು ಆರತಿ ನೋಡಿದ್ದು ನೆನಪಾಗಿ ಕೋಪ ಇನ್ನೂ ಏರಿತು. ಕಂಬದ ಹಿಂದೆ ನಿಲ್ಲದವಳ ಮಗಳು ತಾನು, ತನಗೆ ಮಾತ್ರ ಆ ಬುದ್ಧಿ ಬರಲಿಲ್ಲ.

ಒಂಬತ್ತನೆಯ ದಿನ ಊರಿನಿಂದ ಫೋನು ಬಂತು. ದೊಡ್ಡಪ್ಪನ ಮಗಳು ಪ್ರೇಮ. ರತ್ನಾಕರ ಆಕೆಗೆ ವಿಷಯ ತಿಳಿಸಿದ್ದ. ಅವನಿಗೆ ಬ್ಯಾಂಕಿನಲ್ಲಿ ಬಾಯಿ ಮುಚ್ಚಿಕೊಂಡಿರಲು ಬರುತ್ತದೆ, ಮನೆಯಲ್ಲಿ ಬರುವುದಿಲ್ಲ.

“ಹೌದಾ ಅಕ್ಕ? ಚಿಕ್ಕಪ್ಪ ಆಗಲೇ ಹೋಗಿದ್ದರಂತೆ?”

“ಹೌದು.”

“ಅಯ್ಯೋ. ಹಾಗಾದರೆ ದೇವಕಿ ಚಿಕ್ಕಮ್ಮ ವಿಧವೆ ಆಗಿಯೇ ಕುಂಕುಮ ಇಟ್ಟದ್ದಾ? ನಿನ್ನ ಮದುವೆಗೂ ನನ್ನ ಮದುವೆಗೂ ಅವಳೇ ಅಲ್ವಾ ಆರತಿ ಎತ್ತಿದ್ದು? ಅಣ್ಣ ಇಷ್ಟು ವರ್ಷ ಮುತ್ತೈದೆ ಅಂತ ಅವಳ ತಿಥಿ ಮಾಡಿದ್ದೆಲ್ಲ ತಪ್ಪಾಯ್ತಾ? ಎಂತ ಹೆಂಗಸು ಅಂತ.”

ಚಂದ್ರಾವತಿ ಫೋನು ಇಟ್ಟಳು. ಎಂಟು ದಿನ ತಾನು ಬೈದದ್ದು ಬೇರೆ, ತಾನು ಬೈಯಬಹುದು. ಇವಳು ಯಾರು ಬೈಯಲಿಕ್ಕೆ? ಆಗ ಆಕೆಗೆ ತನ್ನ ಎದುರಿಗಿರುವ ಗಂಟು ಪೂರ್ತಿ ಕಾಣಿಸಿತು. ಅಪ್ಪನಿಗೆ ನೀರು ಬಿಟ್ಟರೆ, ಆತ ನಲವತ್ತನಾಲ್ಕರಲ್ಲೇ ಹೋದ ಎಂದು ಒಪ್ಪಿದ ಹಾಗೆ. ಒಪ್ಪಿದರೆ ಅಮ್ಮ ನಲವತ್ತಾರು ವರ್ಷ ವಿಧವೆ. ಆಕೆ ಇಟ್ಟ ಕುಂಕುಮ, ಎತ್ತಿದ ಆರತಿ, ಉಟ್ಟು ಹೋದ ಹಸಿರು ಸೀರೆ, ಎಲ್ಲ ಊರಿನವರ ಬಾಯಿಗೆ ಎಲೆ ಅಡಿಕೆ. ನೀರು ಬಿಡದಿದ್ದರೆ ಅಪ್ಪ ಬಾಯಾರಿಯೇ ಇರಬೇಕು. ಒಬ್ಬರಿಗೆ ಕೊಟ್ಟದ್ದು ಇನ್ನೊಬ್ಬರಿಂದ ಕಿತ್ತುಕೊಂಡ ಹಾಗೆ.

ಆ ಸಂಜೆ ಫೋಟೋವನ್ನು ಮಂಚದ ಕೆಳಗಿನಿಂದ ತೆಗೆದು, ಸೆರಗಿನಿಂದ ಒರೆಸಿ, ಮತ್ತೆ ಗೋಡೆಗೆ ಹಾಕಿದಳು. ಕಾರ್ಡುಗಳನ್ನು ಒಂದೊಂದಾಗಿ ಮತ್ತೆ ಓದಿದಳು. ಓದುತ್ತ ಒಂದು ವಿಷಯ ಹೊಳೆಯಿತು. ಅಮ್ಮ ಸಾಯುವಾಗ ‘ಎಂದಿಗೂ ಬಿಡಬೇಡ’ ಎನ್ನಬಹುದಿತ್ತು. ಹಾಗೆನ್ನಲಿಲ್ಲ. ‘ಕಣ್ಣಾರೆ ಕಂಡವರು ಹೇಳುವವ​ರೆಗೆ’ ಎಂದಳು, ಕಂಡವನು ಕೊಚ್ಚಿಯಲ್ಲಿ ಇದ್ದಾನೆ ಎಂದು ತಿಳಿದೇ ಹೇಳಿದಳು. ಎದುರಾಗಿ ಹೇಳುವ ಧೈರ್ಯ ಸಾಲದೆ ಬಾಗಿಲಿಗೆ ಚಿಲಕ ಹಾಕದೆ ಹೋಗಿದ್ದಳು. ಚಂದ್ರಾವತಿಗೆ ಮೊದಲ ಸಲ ಅಳು ಬಂತು, ಅಪ್ಪನಿಗಾಗಿ ಅಲ್ಲ.

ರತ್ನಾಕರ ಶನಿವಾರ ಬಂದಾಗ ಹೇಳಿದಳು. “ಈ ಸಲ ವಾವಿಗೆ ನಾನೂ ಬರುತ್ತೇನೆ.”

“ನೀನು ದಂಡೆಯಲ್ಲಿ ಕೂತುಕೋ ಅಮ್ಮ. ಅಜ್ಜನಿಗೆ ನಾನೇ ಬಿಡುತ್ತೇನೆ.”

“ನೀನು ಯಾಕೆ? ಮಗಳು ನಾನಿಲ್ಲವಾ? ಅರವತ್ತು ವರ್ಷ ಈ ಊರಿನ ನೀರು ಕುಡಿದದ್ದಕ್ಕೆ ಅಷ್ಟಾದರೂ ಉಪಯೋಗ ಆಗಲಿ.”

ವಾವಿನ ದಿನ ಬೆಳಿಗ್ಗೆ ಮಳೆ ಬಿಟ್ಟಿತ್ತು. ಗೇಟಿನಲ್ಲಿ ವಿಲಾಸಿನಿ ಟೀಚರ್ ಕೇಳುವ ಮೊದಲೇ ಚಂದ್ರಾವತಿ ಬಿಳಿ ಸೀರೆಯಲ್ಲಿ ಹೊರಗೆ ನಿಂತಿದ್ದಳು. ಇಬ್ಬರೂ ಒಂದೇ ಆಟೋದಲ್ಲಿ ಹೋದರು, ರತ್ನಾಕರ ಪ್ರತೀಕ್ಷಾ ಹಿಂದಿನಿಂದ ಸ್ಕೂಟರಿನಲ್ಲಿ.

ಶಂಖುಮುಖದಲ್ಲಿ ಕಾಲಿಡಲು ಜಾಗವಿರಲಿಲ್ಲ. ಸಮುದ್ರ ಅರ್ಧ ದಂಡೆಯನ್ನು ನುಂಗಿತ್ತು. ಉಳಿದ ಅರ್ಧದಲ್ಲಿ ಹಗ್ಗ ಕಟ್ಟಿ, ಸಾಲು ಸಾಲಾಗಿ ಕೂರಿಸಿ, ಮೈಕಿನಲ್ಲಿ ಮಂತ್ರ ಹೇಳಿಸುತ್ತಿದ್ದರು. ರತ್ನಾಕರ ಗುರುತಿನ ಒಬ್ಬ ಪೋಟ್ಟಿಯನ್ನು ಹುಡುಕಿಟ್ಟಿದ್ದ. ಇಲ್ಲಿಯ ದೇವಸ್ಥಾನಗಳ ಪೋಟ್ಟಿಗಳಲ್ಲಿ ಬಹಳ ಮಂದಿ ನಮ್ಮ ಕಡೆಯಿಂದ ಪೂಜೆಗೆ ಬಂದು ನೆಲೆಸಿದವರು. ಇವರು ಕುಂಬಳೆಯವರು, ಗುಂಪಿನಿಂದ ಆಚೆಗೆ ಒಂದು ಟಾರ್ಪಾಲಿನ ಕೆಳಗೆ ಕೂತಿದ್ದರು. ಕನ್ನಡ ಕೇಳಿದ ಕೂಡಲೇ ಮುಖ ಅರಳಿತು.

“ಬನ್ನಿ ಅಮ್ಮ, ಕೂತುಕೊಳ್ಳಿ. ಯಾರಿಗೆಲ್ಲ?”

“ಅಪ್ಪನಿಗೆ. ಕಾಶೀನಾಥ.”

“ಹೋದದ್ದು ಯಾವಾಗ?”

“ನಲವತ್ತನಾಲ್ಕನೇ ಇಸವಿ, ಒಕ್ಟೋಬರ್. ಯುದ್ಧಕೈದಿಯಾಗಿ.”

ಪೋಟ್ಟಿ ತಲೆ ಎತ್ತಿ ನೋಡಿದರು. ದರ್ಭೆಯ ಪವಿತ್ರ ಬೆರಳಿಗೆ ಹಾಕಿದರು. ಬಾಳೆ ಎಲೆಯ ಮೇಲೆ ಅನ್ನದ ಉಂಡೆ ಇಡಿಸಿದರು. ಹೇಳಿಕೊಟ್ಟ ಮಾತು ಹೇಳಿ ಚಂದ್ರಾವತಿ ಎಳ್ಳು ಬೆರೆಸಿದ ನೀರನ್ನು ಬೊಗಸೆಯಲ್ಲಿ ತೆಗೆದುಕೊಂಡಳು. ಮೂರು ಸಲ ಬಿಟ್ಟಳು. ಎರಡು ಗುಟುಕು ಇಳಿದು ಮೂರನೆಯದು ಹೊರಬಂದದ್ದನ್ನು ಕೇಳಿ ಬಂದವಳು. ಮೂರನೆಯ ಸಲ ನಿಧಾನವಾಗಿ, ಒಂದು ಹನಿಯೂ ಆಚೀಚೆ ಚೆಲ್ಲದ ಹಾಗೆ ಬಿಟ್ಟಳು.

“ಇನ್ನು?” ಎಂದರು ಪೋಟ್ಟಿ.

“ಅಮ್ಮನಿಗೆ. ದೇವಕಿ. ತೊಂಬತ್ತೊಂದು, ಜನವರಿ.”

ಪೋಟ್ಟಿ ಎರಡನೆಯ ಉಂಡೆ ಇಟ್ಟರು. ಹಾಗೇ ಅಭ್ಯಾಸಬಲದಿಂದ ಅರಸಿನ ಕುಂಕುಮದ ತಟ್ಟೆಯನ್ನು ಬದಿಗೆ ಸರಿಸಿದರು. ನಮ್ಮ ಕಡೆಯ ಕ್ರಮ ಬಲ್ಲವರು. ಮುತ್ತೈದೆಯಾಗಿ ಹೋದವಳಿಗೆ ಮಾತ್ರ ಅದು.

“ತಟ್ಟೆ ಇಲ್ಲಿ ಕೊಡಿ,” ಎಂದಳು ಚಂದ್ರಾವತಿ.

“ಅಲ್ಲ ಅಮ್ಮ, ಅಪ್ಪ ಮೊದಲೇ ಹೋಗಿದ್ದಾರೆ ಅಂದಿರಲ್ಲ. ನಲವತ್ತನಾಲ್ಕು.”

“ಹೌದು, ಮೊದಲೇ ಹೋದದ್ದು. ಅಮ್ಮ ಮುತ್ತೈದೆ.”

ಪೋಟ್ಟಿ ರತ್ನಾಕರನ ಮುಖ ನೋಡಿದರು. ಅವನು ಸಮುದ್ರ ನೋಡುತ್ತಿದ್ದ.

“ಅದು ಹೇಗಾಗುತ್ತದೆ?”

“ಹೇಗೆ ಅಂತ ಅವರಿಬ್ಬರಿಗೂ ಗೊತ್ತುಂಟು,” ಎಂದಳು ಚಂದ್ರಾವತಿ. “ಅವರು ವರ್ಷ ವರ್ಷ ಮಾತಾಡಿಕೊಂಡದ್ದು ನಾನು ಓದಿದ್ದೇನೆ. ನೀವು ಕುಂಕುಮ ಇಡಿ ಪೋಟ್ಟಿಗಳೇ. ತಪ್ಪು ಬಂದರೆ ನನ್ನ ತಲೆಗೆ.”

ಹಿಂದೆ ಸಾಲು ಬೆಳೆಯುತ್ತಿತ್ತು. ಪೋಟ್ಟಿ ಒಂದು ಕ್ಷಣ ಆಕೆಯನ್ನು ನೋಡಿ, ತಟ್ಟೆಯನ್ನು ಆಕೆಯ ಮುಂದೆಯೇ ಇಟ್ಟರು. ಚಂದ್ರಾವತಿ ಎಡಗೈಯ ಉಂಗುರ ಬೆರಳನ್ನು ಕುಂಕುಮಕ್ಕೆ ಅದ್ದಿದಳು. ‘ಬಲಗೈ, ಅಮ್ಮ’ ಎಂದು ಪೋಟ್ಟಿ ಹೇಳುವಷ್ಟರಲ್ಲಿ ಅನ್ನದ ಉಂಡೆಯ ಮೇಲೆ ಕಾಸಿನಗಲ ಇಟ್ಟಾಗಿತ್ತು.